ಹುಣ್ಣಲ್ಲದ ಹುಣ್ಣು: ಮಂಡ್ಯ ಜಿಲ್ಲೆಯ ಒಂದು ಪ್ರಕರಣ

ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಮೊದಲನೆಯದು ‘ಸರ್ವೈಕಲ್ ಎರೋಷನ್’, ಅದರ ಪಕ್ಕದಲ್ಲಿ ಎರಡು ಪ್ಲಸ್ ಗುರುತು. ಎರಡನೆಯದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ತಗಲುವ ಅಂದಾಜು ಖರ್ಚು, 48,000 ರೂಪಾಯಿ. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು, 2024ರ ನವೆಂಬರ್‌ನ ಒಂದು ಬೆಳಿಗ್ಗೆ ಆಕೆ ಮಂಡ್ಯದ ನಮ್ಮ ಮನೆಗೆ ಬಂದಳು. ವಯಸ್ಸು 31. ಆರು ವರ್ಷದ ಒಬ್ಬಳೇ ಮಗಳು. ಇನ್ನೊಂದು ಮಗು ಬೇಕೆಂಬ ಆಸೆ ಗಂಡ ಹೆಂಡತಿ ಇಬ್ಬರಿಗೂ ಇದೆ.

ನಾನು ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು, ವೈದ್ಯೆಯಲ್ಲ. ಆಕೆ ನನ್ನ ತವರೂರಿನ ಹುಡುಗಿ, ನನ್ನನ್ನು ಅಕ್ಕ ಎನ್ನುತ್ತಾಳೆ. ಮದುವೆಯಾಗಿ ಹೋದದ್ದು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಒಂದು ಹಳ್ಳಿಗೆ. ಗಂಡ ಬೆಲ್ಲ ಸಾಗಿಸುವ ಲಾರಿ ಓಡಿಸುತ್ತಾರೆ. ಈ ಪ್ರಕರಣವನ್ನು ಬರೆಯಲೇ ಎಂದು ಕೇಳಿದಾಗ, “ಬರೆಯಿರಿ ಅಕ್ಕ, ಹೆಸರು ಮಾತ್ರ ಬೇಡ” ಎಂದಳು. ಹೆಸರು ಹಾಕಿಲ್ಲ, ಊರನ್ನೂ ಹೇಳುತ್ತಿಲ್ಲ.

ಏನು ತೊಂದರೆ ಎಂದು ಕೇಳಿದರೆ ಮೊದಲು ಬಂದ ಉತ್ತರ ಹೊಟ್ಟೆನೋವು. ಆಮೇಲೆ ಬಿಳಿ ಸೆರಗು. ಆಮೇಲೆ, ತಲೆ ತಗ್ಗಿಸಿ, “ನಡುನಡುವೆ ಕಾಣಿಸಿಕೊಳ್ಳುತ್ತದೆ.” ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬ ನನ್ನ ಪ್ರಶ್ನೆಗೆ ಆಕೆ ಬಾಯಿ ಬಿಡಲಿಲ್ಲ. ಬ್ಯಾಗಿನಿಂದ ಐದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಾಳೆಗಳು, ಜೂನ್‌ನಿಂದ ಅಕ್ಟೋಬರ್‌ವರೆಗೆ. ಪ್ರತಿ ತಾರೀಕಿನ ಮನೆಯಲ್ಲೂ ಡೇರಿಗೆ ಹಾಕಿದ ಹಾಲಿನ ಲೆಕ್ಕ, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಆ ಅಂಕಿಗಳ ಕೆಳಗೆ ಮಗಳ ಸ್ಕೆಚ್ ಪೆನ್ನಿನಿಂದ ಎಳೆದ ಕೆಂಪು ಗೆರೆಗಳಿದ್ದವು. ಅವು ಮುಟ್ಟಿನ ದಿನಗಳು. ಗೆರೆಗಳಾಚೆ, ಅಲ್ಲೊಂದು ಇಲ್ಲೊಂದು, ಸಾಸಿವೆ ಕಾಳಿನಷ್ಟು ಚಿಕ್ಕ ಕೆಂಪು ಚುಕ್ಕೆಗಳು. ಜೂನ್‌ನಲ್ಲಿ ಎರಡು, ಜುಲೈನಲ್ಲಿ ನಾಲ್ಕು, ಆಗಸ್ಟ್‌ನಲ್ಲಿ ಐದು. ಐದು ತಿಂಗಳು ಅದು ನಡುಮನೆಯ ಗೋಡೆಯ ಮೇಲೇ ತೂಗುತ್ತಿತ್ತು. ಮನೆಯಲ್ಲಿ ಒಬ್ಬರೂ ಗಮನಿಸಿರಲಿಲ್ಲ.

“ಈ ಚುಕ್ಕೆಯ ಹಿಂದಿನ ದಿನ ಮನೆಯವರು ಬಂದಿದ್ದರೇ?” ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಮುಂದಿನ ಚುಕ್ಕೆ? ಅದಕ್ಕೂ ಹೌದು. ಲಾರಿ ಊರಿಗೆ ಬಂದ ರಾತ್ರಿಯ ಮರುದಿನ ಬೆಳಿಗ್ಗೆಯೇ ಎಲ್ಲ ಚುಕ್ಕೆಗಳೂ ಬಿದ್ದಿದ್ದವು. ಸಂಭೋಗದ ನಂತರ ರಕ್ತ ಬರುತ್ತದೆ ಎಂಬ ಒಂದು ವಾಕ್ಯವನ್ನು ಆಕೆ ಐದು ತಿಂಗಳಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಮೊದಲ ವೈದ್ಯರಿಗೆ ಹೇಳಿದ್ದು ಹೊಟ್ಟೆನೋವು ಎಂದು. ಅವರು ಕೊಟ್ಟದ್ದು ಸೋಂಕಿನ ಮಾತ್ರೆ ಮತ್ತು ರಕ್ತ ನಿಲ್ಲುವ ಮಾತ್ರೆ. ತಾಲ್ಲೂಕು ಕೇಂದ್ರದ ಖಾಸಗಿ ನರ್ಸಿಂಗ್ ಹೋಂ ಒಂದರಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಗರ್ಭಕೋಶ, ಅಂಡಾಶಯ ಎಲ್ಲವೂ ಸರಿಯಾಗಿದೆ ಎಂದು ವರದಿ ಬಂತು. ಅದೇ ಸಂಜೆ ಒಳಪರೀಕ್ಷೆ ಮಾಡಿ, “ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡುವುದು ಒಳ್ಳೆಯದು” ಎಂದರಂತೆ. ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಇಲ್ಲ. ಹುಣ್ಣೆಂದವರು ಆ ಹುಣ್ಣಿನಿಂದ ಒಂದು ಜೀವಕೋಶವನ್ನೂ ತೆಗೆದು ಪರೀಕ್ಷೆಗೆ ಕಳಿಸಿರಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಬಾಯಿಯ ಮೇಲಿನ ಇಂಥ ಬದಲಾವಣೆ ಕಾಣುವುದಿಲ್ಲ. ಅದನ್ನು ಕಣ್ಣಿಂದ ನೋಡಬೇಕು, ಅಲ್ಲಿಂದ ಮಾದರಿ ತೆಗೆಯಬೇಕು.

ಈ ಎರೋಷನ್ ಎಂಬ ಪದದ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಕೊರೆದುಹೋಗಿದೆ, ಸವೆದಿದೆ ಎಂದು ಅದರ ಅರ್ಥ. ಅಲ್ಲಿನ ಚರ್ಮ ಕಿತ್ತುಹೋಗಿ ಕೆಂಪಗಾಗಿದೆ ಎಂದು ಹಿಂದಿನವರು ತಿಳಿದಿದ್ದರು, ಹಾಗಾಗಿ ಆ ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಏನೂ ಕಿತ್ತುಹೋಗಿರುವುದಿಲ್ಲ. ಈಗಿನ ಪುಸ್ತಕಗಳು ಅದನ್ನು ಎಕ್ಟ್ರೋಪಿಯನ್ ಎನ್ನುತ್ತವೆ, ಅಂದರೆ ಹೊರಮಗುಚಿದ್ದು. ಆದರೆ ಚೀಟಿಗಳಲ್ಲಿ ಹಳೆಯ ಪದವೇ ಉಳಿದಿದೆ, ಅದು ಕನ್ನಡಕ್ಕೆ ಬರುವಾಗ ಹುಣ್ಣಾಗುತ್ತದೆ, ಹುಣ್ಣು ಹಳ್ಳಿ ತಲುಪುವಷ್ಟರಲ್ಲಿ ಕ್ಯಾನ್ಸರ್ ಆಗಿರುತ್ತದೆ.

ನಮ್ಮ ಭಾಷೆಯಲ್ಲಿ ಅದನ್ನು ಗರ್ಭಕೋಶದ ಬಾಯಿ ಎನ್ನುತ್ತೇವಲ್ಲ, ಅಲ್ಲಿಂದಲೇ ವಿವರಿಸಬಹುದು. ಕನ್ನಡಿಯ ಮುಂದೆ ನಿಂತು ಕೆಳತುಟಿಯನ್ನು ಹೆಬ್ಬೆರಳಿನಿಂದ ಹೊರಕ್ಕೆ ಮಗುಚಿ ನೋಡಿ. ಒಳಭಾಗ ಕೆಂಪಗೆ, ತೇವವಾಗಿ, ನುಣುಪಾಗಿರುತ್ತದೆ. ಅದು ಹುಣ್ಣಲ್ಲ, ಒಳಗಿರಬೇಕಾದ ಪದರ ಹೊರಗೆ ಕಾಣುತ್ತಿದೆ, ಅಷ್ಟೇ. ಗರ್ಭಕೋಶದ ಬಾಯಿಯಲ್ಲೂ ಹೀಗೆಯೇ. ಹೊರಮುಖವನ್ನು ಹಲವು ಪದರಗಳ ಗಟ್ಟಿ ಹೊದಿಕೆ ಮುಚ್ಚಿರುತ್ತದೆ, ಅದರ ಬಣ್ಣ ತಿಳಿಗುಲಾಬಿ. ಒಳಗಿನ ಕಾಲುವೆಯ ಹೊದಿಕೆ ಒಂದೇ ಪದರದ್ದು, ತೆಳು. ಕೆಳಗಿನ ರಕ್ತನಾಳಗಳು ಅದರ ಮೂಲಕ ಕಾಣುವುದರಿಂದ ಕೆಂಪು, ಲೋಳೆ ಸ್ರವಿಸುವುದರಿಂದ ಜಿನುಗು. ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವ ಹೆಚ್ಚಿದಾಗ ಆ ಒಳಪದರ ಹೊರಕ್ಕೆ ಮಗುಚಿಕೊಳ್ಳುತ್ತದೆ. ಹರೆಯದ ಹುಡುಗಿಯರಲ್ಲಿ, ಬಸುರಿಯರಲ್ಲಿ, ಹಾರ್ಮೋನಿನ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇದು ಸಾಮಾನ್ಯ. ಬಹುಪಾಲು ಹೆಂಗಸರಿಗೆ ಇದರಿಂದ ತೊಂದರೆಯೇ ಆಗುವುದಿಲ್ಲ, ಚಿಕಿತ್ಸೆಯೂ ಬೇಕಾಗಿಲ್ಲ. ಕೆಲವರಿಗೆ ಮಾತ್ರ ತಾಗಿದಾಗ ರಕ್ತ, ಉಳಿದ ದಿನ ನೀರಿನಂಥ ಸ್ರಾವ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಮುನ್ನಾ ಹಂತವೂ ಅಲ್ಲ. ಗಂಡನಿಂದ ಬರುವುದಲ್ಲ, ಗಂಡನಿಗೆ ಹರಡುವುದೂ ಇಲ್ಲ.

ಇಷ್ಟನ್ನೆಲ್ಲ ಅಂದೇ ಆಕೆಗೆ ಹೇಳಲಿಲ್ಲ. ಹೇಳಬಾರದು. ಸಂಭೋಗದ ನಂತರ ರಕ್ತ ಬರುವುದು ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಲಕ್ಷಣವೂ ಹೌದು. ಮಾಂಸದ ಕುಡಿಯಂತೆ ಜೋತಾಡುವ ಪಾಲಿಪ್ ಇದ್ದರೂ, ಸೋಂಕಿದ್ದರೂ ಹಾಗೆಯೇ ಬರುತ್ತದೆ. ಪರೀಕ್ಷಿಸದೆ ಕ್ಯಾನ್ಸರ್ ಎಂದು ಹೆದರಿಸುವುದು ಎಷ್ಟು ತಪ್ಪೋ, ಪರೀಕ್ಷಿಸದೆ ಏನೂ ಇಲ್ಲ ಎಂದು ಸಮಾಧಾನ ಹೇಳುವುದೂ ಅಷ್ಟೇ ತಪ್ಪು. ಇನ್ನೊಂದು ಮಾತನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ನಿಜವಾಗಿ ಕ್ಯಾನ್ಸರ್ ಇದ್ದವರಿಗೂ, ಅದು ಯಾವ ಹಂತದಲ್ಲಿದೆ ಎಂದು ತಿಳಿಯದೆ ಸುಮ್ಮನೆ ಗರ್ಭಕೋಶ ತೆಗೆದರೆ ಅದು ಸರಿಯಾದ ಚಿಕಿತ್ಸೆಯಾಗುವುದಿಲ್ಲ. ಹಂತ ನೋಡಿ ದೊಡ್ಡ ಶಸ್ತ್ರಚಿಕಿತ್ಸೆಯೋ ವಿಕಿರಣವೋ ನಿರ್ಧಾರವಾಗಬೇಕು. ಅಂದರೆ ಆಕೆಗೆ ಏನೇ ಇದ್ದಿದ್ದರೂ ಆ 48,000 ರೂಪಾಯಿಯ ಚೀಟಿ ತಪ್ಪೇ ಆಗಿತ್ತು.

ಮಂಡ್ಯದ ಆಸ್ಪತ್ರೆಗೇ ಹೋಗೋಣ ಎಂದೆ. ಅಲ್ಲಿ ಊರಿನವರು ಯಾರಾದರೂ ಸಿಗುತ್ತಾರೆಂಬ ಅಳುಕು ಆಕೆಗೆ. ಆ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗುವುದೆಂದಾಯಿತು. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ, ಹೆಂಗಸರು ಮಕ್ಕಳಿಗೆಂದೇ ಇರುವ ಆಸ್ಪತ್ರೆ ಅದು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರುವುದರಿಂದ ಬಸ್ಸಿನ ಕಾಸಿಗೆ ಅತ್ತೆಯನ್ನು ಕೇಳಬೇಕಾಗಿಲ್ಲ ಎಂದು ಆಕೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ದಿನವನ್ನೂ ಕ್ಯಾಲೆಂಡರ್ ನೋಡಿಯೇ ಆರಿಸಿದೆವು. ಮುಟ್ಟಿನ ದಿನಗಳಲ್ಲಿ ಪ್ಯಾಪ್ ಪರೀಕ್ಷೆ ಸರಿ ಬರುವುದಿಲ್ಲ. ಪರೀಕ್ಷೆಯ ಹಿಂದಿನ ಎರಡು ದಿನ ಸಂಭೋಗವಾಗಲಿ ಒಳಗಿಡುವ ಮಾತ್ರೆಯಾಗಲಿ ಇರಬಾರದು. ಲಾರಿ ಆ ವಾರ ದೂರದಲ್ಲಿತ್ತು.

ಹೊರರೋಗಿ ವಿಭಾಗದಲ್ಲಿ ಎರಡೂವರೆ ಗಂಟೆ ಕಾದೆವು. ಸರದಿ ಬಂದಾಗ ಆಕೆ ಮತ್ತೆ ಹೊಟ್ಟೆನೋವಿನಿಂದಲೇ ಶುರುಮಾಡಿದಳು. ನಾನು ಮಾತನಾಡದೆ ಕ್ಯಾಲೆಂಡರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಆ ಯುವ ವೈದ್ಯೆ ಒಂದು ನಿಮಿಷ ನೋಡಿದರು. ನಂತರ ಕೇಳಿದ ಮೊದಲ ಪ್ರಶ್ನೆ: “ಮಗು ಆಗದಂತೆ ಏನು ಬಳಸುತ್ತೀರಿ?”

“ಮಾಲಾ-ಎನ್,” ಎಂದಳು. ಆಶಾ ಕಾರ್ಯಕರ್ತೆ ಕೊಡುವ ಮಾತ್ರೆ. ಜನವರಿಯಿಂದ ನುಂಗುತ್ತಿದ್ದಳಂತೆ. ರಕ್ತ ಶುರುವಾದದ್ದು ಜೂನ್‌ನಲ್ಲಿ. ಅಲ್ಲಿಯವರೆಗೆ ಆಕೆಯನ್ನು ನೋಡಿದವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಷ್ಟು ವರ್ಷ ಆ ವಾರ್ಡಿನಲ್ಲಿ ನಿಂತವಳು ಮೊದಲ ದಿನವೇ ಕೇಳಬೇಕಿತ್ತು. ಅದು ನನ್ನ ತಪ್ಪು. ಆ ಪಟ್ಟಿಯ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಅವುಗಳಲ್ಲಿ ಈಸ್ಟ್ರೋಜನ್ ಇರುತ್ತದೆ. ಉಳಿದ ಏಳು ಕಬ್ಬಿಣಾಂಶದವು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಎಷ್ಟೋ ಹೆಂಗಸರಿಗೆ ಅದು ಒಗ್ಗಿದೆ, ಬೇಡದ ಬಸುರನ್ನು ತಪ್ಪಿಸಿದೆ.

ಪರೀಕ್ಷೆಯ ಮೇಜಿನ ಬಳಿ ಆಕೆಯ ಕೈ ಹಿಡಿದು ನಿಲ್ಲಲು ನನಗೆ ಅನುಮತಿ ಸಿಕ್ಕಿತು. ವೈದ್ಯೆ ಒಳಗೆ ಕಾಣುವಂತೆ ದಾರಿ ಅಗಲಿಸುವ ಸ್ಪೆಕ್ಯುಲಂ ಹಾಕಿ ದೀಪ ಸರಿಪಡಿಸಿಕೊಂಡು, ಬನ್ನಿ ನೋಡಿ ಎಂದು ನನ್ನನ್ನು ಕರೆದರು. ಗುಲಾಬಿ ಬಣ್ಣದ ನಡುವೆ, ಬಾಯಿಯ ರಂಧ್ರದ ಸುತ್ತ, ರೂಪಾಯಿ ನಾಣ್ಯದಷ್ಟು ಕೆಂಪು. ಪ್ಯಾಪ್ ಮಾದರಿಗೆಂದು ಬ್ರಷ್ ತಾಗಿಸಿದ ಕಡೆ ಸೂಜಿಮೊನೆಯಷ್ಟು ರಕ್ತದ ಹನಿಗಳು ಒಂದೊಂದಾಗಿ ಮೂಡಿದವು. ಆಮೇಲೆ ನೀರು ಬೆರೆಸಿದ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದರು. ವಿನೆಗರ್‌ನಲ್ಲಿರುವ ಹುಳಿಯೇ ಅದು, ನೂರಕ್ಕೆ ಮೂರರಿಂದ ಐದು ಪಾಲು. ಒಂದು ನಿಮಿಷ ಕಾಯಬೇಕು. ಜೀವಕೋಶಗಳು ಕೆಡಲು ಶುರುವಾಗಿದ್ದರೆ ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಮಚ್ಚೆ ಏಳುತ್ತದೆ. ಆ ಒಂದು ನಿಮಿಷದಲ್ಲಿ ಆಕೆ ನನ್ನ ಬೆರಳುಗಳನ್ನು ಹಿಡಿದಿದ್ದ ಬಿಗಿ ನನಗೆ ಇನ್ನೂ ನೆನಪಿದೆ. ಹತ್ತಿ ತೆಗೆದಾಗ ಕೆಂಪಿನ ಮೇಲೆ ಪುಟ್ಟ ದ್ರಾಕ್ಷಿ ಗೊಂಚಲಿನಂಥ ಉಬ್ಬುಗಳು ಸ್ವಲ್ಪ ಮಂಕಾಗಿದ್ದವು. ದಟ್ಟ ಬಿಳಿ ಎಲ್ಲಿಯೂ ಇರಲಿಲ್ಲ.

30 ವರ್ಷ ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಹುಳಿನೀರಿನ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಕೆಗೆ 31. ಇಂಥದೊಂದು ಪರೀಕ್ಷೆಯ ಹೆಸರನ್ನೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಪ್ಯಾಪ್ ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಅದರಲ್ಲಿ ‘ಇನ್‌ಫ್ಲಮೇಟರಿ’ ಎಂಬ ಪದ ಓದಿ ಆಕೆ ಗಾಬರಿಯಿಂದ ಫೋನ್ ಮಾಡಿದಳು. ಉರಿಯೂತದ ಜೀವಕೋಶಗಳು ಕಂಡಿವೆ ಎಂದಷ್ಟೇ ಅದರ ಅರ್ಥ, ನಮ್ಮ ಹೆಂಗಸರ ವರದಿಗಳಲ್ಲಿ ಅದು ಬಹಳ ಸಾಮಾನ್ಯ. ನೋಡಬೇಕಾದ ಸಾಲು ಕೆಳಗಿತ್ತು: ಕ್ಯಾನ್ಸರಾಗಲಿ ಅದರ ಮುನ್ನಾ ಬದಲಾವಣೆಯಾಗಲಿ ಇಲ್ಲ. ಸೋಂಕಿನ ಪರೀಕ್ಷೆಗಳೂ ಸರಿಯಿದ್ದವು. ವೈದ್ಯೆಯ ಸಲಹೆ ಸರಳವಾಗಿತ್ತು. ಮಾಲಾ-ಎನ್ ನಿಲ್ಲಿಸಿ, ಸದ್ಯಕ್ಕೆ ನಿರೋಧ್ ಬಳಸಿ, ಮೂರು ತಿಂಗಳು ಕ್ಯಾಲೆಂಡರ್‌ನಲ್ಲಿ ಚುಕ್ಕೆ ಇಡುವುದನ್ನು ಮುಂದುವರಿಸಿ, ಆಮೇಲೆ ಬನ್ನಿ. ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಬಹುದಿತ್ತು, ಆದರೆ ಅದರಿಂದ ಮೊದಲ ತಿಂಗಳುಗಳಲ್ಲಿ ಮುಟ್ಟಿನ ರಕ್ತ ಹೆಚ್ಚಾಗುವುದುಂಟು. ಯಾವ ರಕ್ತ ಯಾವುದರದ್ದೆಂದು ತಿಳಿಯದೆ ಗೊಂದಲವಾಗುತ್ತದೆಂದು ಬಿಟ್ಟರು.

ಈ ಮೂರು ತಿಂಗಳಲ್ಲಿ ಒಮ್ಮೆ ನಾನು ಆ ಹಳ್ಳಿಗೆ ಹೋದೆ. ಅಲ್ಲಿ ನಡೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಯಾವ ರಕ್ತ ಕಂಡರೂ ಮುಟ್ಟೆಂದೇ ಆ ಮನೆಯ ಲೆಕ್ಕ. ಹೀಗಾಗಿ ಆಗಸ್ಟ್ ತಿಂಗಳಲ್ಲಿ ಆಕೆ ಹದಿನಾಲ್ಕು ದಿನ ದೇವರ ಮನೆಗೆ, ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಉಷ್ಣವೆಂದು ಮೆಂತ್ಯ, ಬಾರ್ಲಿ, ಎಳನೀರು ಎಲ್ಲ ಆಗಿತ್ತು. ಅತ್ತೆ ಕೆಟ್ಟವರಲ್ಲ. ಸೊಸೆಗೆ ಏನೋ ಆಗಿದೆಯೆಂಬ ಭಯ, ಆ ಭಯಕ್ಕೆ ಅವರಿಗೆ ಗೊತ್ತಿದ್ದ ಮದ್ದು ಅದೇ. ಗಂಡನದು ಬೇರೆಯೇ ಸಂಕಟ. ತನ್ನಿಂದಲೇ ಹೆಂಡತಿಗೆ ಗಾಯವಾಗುತ್ತಿದೆ ಎಂದುಕೊಂಡು, ಊರಿಗೆ ಬಂದರೂ ಲಾರಿಯ ಕ್ಯಾಬಿನ್ನಿನಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡಿದ್ದರು. ಒಬ್ಬರೂ ಇನ್ನೊಬ್ಬರೊಡನೆ ಮಾತನಾಡಿರಲಿಲ್ಲ.

ಜಗಲಿಯ ಮೇಲೆ ಕುಳಿತು ಅತ್ತೆಗೆ ತುಟಿಯ ಮಾತು ಹೇಳಿದೆ. ಅವರು ಎದ್ದು ಒಳಗೆ ಹೋದರು. ಕಂಬಕ್ಕೆ ತೂಗುಹಾಕಿದ್ದ ಸಣ್ಣ ಕನ್ನಡಿಯ ಮುಂದೆ ನಿಂತು, ಕೆಳತುಟಿಯನ್ನು ಹೆಬ್ಬೆರಳಿನಿಂದ ಮಗುಚಿ ಬಹಳ ಹೊತ್ತು ನೋಡಿಕೊಂಡರು. ಹೊರಗೆ ಬಂದು, “ಇಷ್ಟೇನಾ?” ಎಂದರು. ಆ ಸಂಜೆ ದೇವರ ದೀಪ ಹಚ್ಚಲು ಸೊಸೆಯನ್ನೇ ಕರೆದರು.

ಮೂರು ತಿಂಗಳಲ್ಲಿ ಚುಕ್ಕೆಗಳು ಕಡಿಮೆಯಾದವು, ನಿಲ್ಲಲಿಲ್ಲ. ತಿಂಗಳಿಗೆ ಒಂದು, ಒಮ್ಮೊಮ್ಮೆ ಎರಡು. ಹೀಗೇ ಬಿಡಬಹುದು, ಇಲ್ಲವೇ ಚಿಕಿತ್ಸೆ ಮಾಡಿಸಿಕೊಳ್ಳಬಹುದು, ಎರಡರಿಂದಲೂ ಅಪಾಯವಿಲ್ಲ ಎಂದು ವೈದ್ಯೆ ಆಯ್ಕೆಯನ್ನು ಆಕೆಗೇ ಬಿಟ್ಟರು. ಗಂಡನೊಡನೆ ಮಾತನಾಡಿ ಆಕೆ ಕ್ರಯೋ ಚಿಕಿತ್ಸೆ ಆರಿಸಿಕೊಂಡಳು. 2025ರ ಮಾರ್ಚ್‌ನಲ್ಲಿ, ಮುಟ್ಟು ನಿಂತ ನಾಲ್ಕನೆಯ ದಿನ, ಬಸುರಿಲ್ಲವೆಂದು ಪರೀಕ್ಷಿಸಿಕೊಂಡು ಮಾಡಿದರು. ಅನಿಲದಿಂದ ತಣ್ಣಗಾಗುವ ಲೋಹದ ತುದಿಯನ್ನು ಆ ಕೆಂಪು ಭಾಗಕ್ಕೆ ಒತ್ತಿ ಮೂರು ನಿಮಿಷ ಹೆಪ್ಪುಗಟ್ಟಿಸುತ್ತಾರೆ, ಐದು ನಿಮಿಷ ಕರಗಲು ಬಿಡುತ್ತಾರೆ, ಮತ್ತೆ ಮೂರು ನಿಮಿಷ. ಅರಿವಳಿಕೆ ಬೇಕಾಗಲಿಲ್ಲ. ಮುಟ್ಟಿನ ಮೊದಲ ದಿನದಂಥ ಹಿಂಡುವ ನೋವು ಬಂತು, ಅರ್ಧ ಗಂಟೆಯಲ್ಲಿ ಇಳಿಯಿತು. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟೆವು. ಕೆಲವು ಕಡೆ ಸಿಲ್ವರ್ ನೈಟ್ರೇಟ್ ಹಚ್ಚುತ್ತಾರೆ, ಕೆಲವು ಕಡೆ ವಿದ್ಯುತ್ ಶಾಖದಿಂದ ಸುಡುತ್ತಾರೆ. ತೆಳು ಪದರವನ್ನು ತೆಗೆದು ಆ ಜಾಗದಲ್ಲಿ ಗಟ್ಟಿ ಹೊದಿಕೆ ಬೆಳೆಯಲು ಬಿಡುವುದೇ ಎಲ್ಲದರ ಕೆಲಸ.

ಆಮೇಲಿನದನ್ನು ಮೊದಲೇ ಹೇಳಿಟ್ಟಿರಬೇಕು, ಇಲ್ಲದಿದ್ದರೆ ಹೆದರಿಬಿಡುತ್ತಾರೆ. ಮೂರು ನಾಲ್ಕು ವಾರ ನೀರಿನಂಥ ಸ್ರಾವ ಧಾರಾಳವಾಗಿ ಹೋಗುತ್ತದೆ. ಅದು ವಾಸಿಯಾಗುತ್ತಿರುವುದರ ಗುರುತು. ನಾಲ್ಕು ವಾರ ಸಂಭೋಗ ಬೇಡ, ಒಳಗೆ ಏನನ್ನೂ ಇಡುವುದು ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ. ಜ್ವರ, ದುರ್ವಾಸನೆ, ಮುಟ್ಟಿಗಿಂತ ಹೆಚ್ಚು ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಬರಬೇಕು. ಆಕೆಗೆ ಅದಾವುದೂ ಆಗಲಿಲ್ಲ. ಮೇ ತಿಂಗಳಲ್ಲಿ ಮತ್ತೆ ನೋಡಿದಾಗ ನಾಣ್ಯದಷ್ಟಿದ್ದ ಕೆಂಪು ರಂಧ್ರದಂಚಿನ ಒಂದು ಗೆರೆಯಾಗಿ ಉಳಿದಿತ್ತು. ಕ್ಯಾಲೆಂಡರಿನ ಏಪ್ರಿಲ್, ಮೇ ಹಾಳೆಗಳಲ್ಲಿ ಹಾಲಿನ ಲೆಕ್ಕ ಮತ್ತು ಮುಟ್ಟಿನ ಗೆರೆ ಬಿಟ್ಟು ಬೇರೇನೂ ಇರಲಿಲ್ಲ. ಮಗು ಬೇಕೆಂದರೆ ಇನ್ನು ಪ್ರಯತ್ನಿಸಬಹುದು ಎಂದು ವೈದ್ಯೆ ಹೇಳಿದರು.

ಅಂದು ಮರಳುವ ದಾರಿಯಲ್ಲಿ, ಬಸ್ಸು ಶ್ರೀರಂಗಪಟ್ಟಣ ದಾಟಿದ ಮೇಲೆ, ಆಕೆ ಕೇಳಿದಳು: “ನಮ್ಮ ಬೀದಿಯಲ್ಲೇ ಮೂವರಿಗೆ ಗರ್ಭಕೋಶ ತೆಗೆಸಿದ್ದಾರೆ ಅಕ್ಕ. ಅವರಿಗೂ ಇದೇ ಇತ್ತೇ?” ನನ್ನ ಬಳಿ ಉತ್ತರವಿರಲಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿರುದ್ಧ ವೈದ್ಯರೊಬ್ಬರು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿತು. ಮೂರು ತಿಂಗಳೊಳಗೆ ಅದನ್ನು ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಹೇಳಿತು. ಆ ಮೂವರ ಪೈಕಿ ಒಬ್ಬರು ಆಕೆಯ ಓರಗಿತ್ತಿ. 2018ರಲ್ಲಿ, 33ನೇ ವಯಸ್ಸಿನಲ್ಲಿ, ಎರಡು ಎಮ್ಮೆ ಮಾರಿ ಮಾಡಿಸಿಕೊಂಡದ್ದು.

ಮುಂದಿನ ವಾರ ಇಬ್ಬರೂ ಬಂದರು. ಓರಗಿತ್ತಿ ಟ್ರಂಕಿನಲ್ಲಿಟ್ಟಿದ್ದ ಕಡತವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಮೊದಲ ಹಾಳೆಯಲ್ಲಿ ಅದೇ ಪದ, ಪಕ್ಕದಲ್ಲಿ ಅದೇ ಎರಡು ಪ್ಲಸ್ ಗುರುತು. ಬಿಡುಗಡೆ ಪತ್ರದಲ್ಲಿ ಎರಡೂ ಅಂಡಾಶಯಗಳನ್ನು ತೆಗೆದಿರುವುದಾಗಿ ಬರೆದಿತ್ತು. ಆ ವಿಷಯ ಅವರಿಗೆ ನನ್ನಿಂದಲೇ ಮೊದಲು ತಿಳಿದದ್ದು. ರಾತ್ರಿ ಹೊತ್ತು ಮೈಯೆಲ್ಲ ಕಾವು ಏರಿ ಬೆವರಿಳಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ ಎಂದು ವರ್ಷಗಳಿಂದ ಹೇಳುತ್ತಿದ್ದರಂತೆ. ಅಂಡಾಶಯ ಹೋದರೆ ಈಸ್ಟ್ರೋಜನ್ ಇಳಿದು ಹೀಗೆ ಮೈ ಕಾಯುವುದುಂಟು, ಮೂಳೆಯೂ ಸವೆಯಬಹುದು. ಪ್ಯಾಪ್ ವರದಿಗಾಗಿ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ತಿರುವಿದೆ. ಇರಲಿಲ್ಲ. ಮೂಳೆಯ ಸಾಂದ್ರತೆ ನೋಡಿಸಲು ಗುರುವಾರ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.